ಹಿಡಿಸೂಡಿ ಕಡ್ಡಿ, ಬಾಳೆನಾರು ಮತ್ತು ಕತ್ತರಿ: ಯೀಸ್ಟ್ ಕೋಶದಲ್ಲಿ ವರ್ಣತಂತುಗಳು ಬೇರ್ಪಡುವುದನ್ನು ತರಗತಿಯಲ್ಲಿ ಮಾಡಿ ತೋರಿಸುವ ಕ್ರಮ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿ ಪ್ಲಸ್ ಒನ್ ಸೇರುವ ಮಕ್ಕಳಿಗೆ ಕೋಶವಿಭಜನೆಯ ಪಾಠ ಹೊಸತಲ್ಲ. ಆದರೂ ವರ್ಣತಂತುಗಳು ಬೇರ್ಪಡುವುದು ಹೇಗೆಂದು ಕೇಳಿದರೆ ಹೆಚ್ಚಿನವರು ‘ಕದಿರಿನ ಎಳೆಗಳು ಎಳೆಯುವುದರಿಂದ’ ಎಂದಷ್ಟೇ ಬರೆದು ನಿಲ್ಲಿಸುತ್ತಾರೆ. ಕದಿರು ಎಂದರೆ ವಿಭಜನೆಯ ವೇಳೆ ಕೋಶದಲ್ಲಿ ಎರಡು ಧ್ರುವಗಳ ನಡುವೆ ಮೂಡುವ ಎಳೆಗಳ ಕಟ್ಟು. ಅದರ ಎಳೆತವು ತಂತುಗಳು ಬೇರ್ಪಡುವುದಕ್ಕೂ ಮೊದಲೇ ಆರಂಭವಾಗಿರುತ್ತದೆ. ನಕಲಾದ ವರ್ಣತಂತುವಿನ ಎರಡು ಪ್ರತಿಗಳನ್ನು ಜೋಡಿಯಾಗಿ ಹಿಡಿದಿಟ್ಟ ಪ್ರೋಟೀನ್ ಬಳೆ ತುಂಡಾದಾಗ ಮಾತ್ರ ಅವು ಅಗಲುತ್ತವೆ. ಮೊದಲ ಕೆಲವು ವರ್ಷ ರಬ್ಬರ್ ಬ್ಯಾಂಡನ್ನು ಎರಡು ಕಡೆಯಿಂದ ಎಳೆದು ತೋರಿಸಿ ಆ ಅರೆ ಉತ್ತರಕ್ಕೆ ನೀರೆರೆದವರಲ್ಲಿ ನಾನೂ ಒಬ್ಬನಾದ್ದರಿಂದ, ಈಗ ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಯೀಸ್ಟನ್ನು ಕಣ್ಣಾರೆ ತೋರಿಸಬೇಕು. ಬೇಕರಿಯ ಒಣ ಯೀಸ್ಟನ್ನು ಸಕ್ಕರೆ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿಟ್ಟು, ಒಂದೂವರೆ ಎರಡು ಗಂಟೆಯ ಬಳಿಕ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ 400 ಪಟ್ಟು ಹಿಗ್ಗಿಸಿ ನೋಡಿದರೆ ಮೊಗ್ಗೊಡೆದ ಕೋಶಗಳು ಕಾಣುತ್ತವೆ. (ಕಳ್ಳಿನಲ್ಲಿಯೂ ಯೀಸ್ಟ್ ಧಾರಾಳವಾಗಿದೆ, ಆದರೆ ಅದನ್ನು ಶಾಲೆಗೆ ತರಿಸುವ ಸಾಹಸ ಬೇಡ.) ಮೊಗ್ಗಿಲ್ಲದ ಕೋಶ ಇನ್ನೂ ತಯಾರಿಯ ಹಂತದಲ್ಲಿದೆ, ಸಣ್ಣ ಮೊಗ್ಗಿನದು ಡಿಎನ್‌ಎಯನ್ನು ನಕಲು ಮಾಡುತ್ತಿದೆ, ದೊಡ್ಡ ಮೊಗ್ಗಿನದು ವರ್ಣತಂತುಗಳನ್ನು ಹಂಚುವ ಹಂತಕ್ಕೆ ಬಂದಿದೆ ಎಂದು ಅಂದಾಜಿಸಬಹುದು. 2001ರಲ್ಲಿ ಟಿಮ್ ಹಂಟ್ ಮತ್ತು ಪಾಲ್ ನರ್ಸ್ ಜೊತೆ ನೊಬೆಲ್ ಪಡೆದ ಲೀಲ್ಯಾಂಡ್ ಹಾರ್ಟ್‌ವೆಲ್ ವಿಭಜನೆಯಲ್ಲಿ ಎಡವುವ ಯೀಸ್ಟ್ ತಳಿಗಳನ್ನು ಹುಡುಕಿದ್ದು ಮೊಗ್ಗಿನ ಗಾತ್ರವನ್ನೇ ಗಡಿಯಾರವಾಗಿ ಬಳಸಿ. ಸುಮಾರು 5 ಮೈಕ್ರೋಮೀಟರ್ ಅಗಲದ ಈ ಕೋಶದೊಳಗಿನ 16 ವರ್ಣತಂತುಗಳು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಮಕ್ಕಳು ಗಾಜಿನ ಮೇಲಿನ ಧೂಳನ್ನೇ ವರ್ಣತಂತುವೆಂದು ಚಿತ್ರ ಬರೆದು ತರುತ್ತಾರೆ.

ಮಾದರಿಗೆ ಬೇಕಾದ ವಸ್ತುಗಳು ಇಲ್ಲಿನ ಎಲ್ಲ ಮನೆಗಳಲ್ಲಿಯೂ ಸಿಗುತ್ತವೆ: ಹಿಡಿಸೂಡಿಯಿಂದ ಎಳೆದ ತೆಂಗಿನ ಕಡ್ಡಿಗಳು, ಮಲ್ಲಿಗೆ ಕಟ್ಟುವ ಬಾಳೆನಾರು, ವರ್ಣತಂತುಗಳಾಗಿ ಬಣ್ಣಕ್ಕೆ ಎರಡರಂತೆ ನಾಲ್ಕು ಬಣ್ಣದ ದಪ್ಪ ನೂಲು, ಸ್ವಲ್ಪ ಹುರಿ ಮತ್ತು ಒಂದು ಕತ್ತರಿ. ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ತಾಯಿಕೋಶವನ್ನೂ ಅದಕ್ಕಂಟಿದ ಮೊಗ್ಗನ್ನೂ ಬರೆದು, ಒಳಗೆ ಕೋಶಕೇಂದ್ರದ ಗೆರೆಯನ್ನು ಮುರಿಯದಂತೆ ಎಳೆಯಬೇಕು. ನಮ್ಮ ಕೋಶಗಳಲ್ಲಿ ಕೋಶಕೇಂದ್ರದ ಪೊರೆ ವಿಭಜನೆಯ ವೇಳೆ ಕರಗುತ್ತದೆ. ಯೀಸ್ಟಿನಲ್ಲಿ ಅದು ಹಾಗೆಯೇ ಉಳಿದು, ಕೊನೆಗೆ ಮೊಗ್ಗಿನ ಕತ್ತಿನ ಮೂಲಕ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಕದಿರಿನ ಎರಡು ಧ್ರುವಗಳೂ ಆ ಪೊರೆಯಲ್ಲಿಯೇ ನಾಟಿಕೊಂಡಿರುವುದರಿಂದ, ಧ್ರುವಗಳಾಗುವ ಇಬ್ಬರು ಮಕ್ಕಳು ಗೆರೆಯ ಮೇಲೆಯೇ ನಿಲ್ಲಬೇಕು.

ಬಳೆ ಮಾಡುವ ಕೆಲಸದಲ್ಲಿ ಅವಸರ ಬೇಡ. ಇದು ಕೊಹೆಸಿನ್ ಎಂಬ ಪ್ರೋಟೀನ್ ಕೂಟದ ಪ್ರತಿರೂಪ. ಎರಡು ಕಡ್ಡಿಗಳ ತುದಿಗಳನ್ನು ಸೇರಿಸಿ ಕಟ್ಟಿದರೆ ಅವು ಚಿಮಟದಂತೆ ನಿಲ್ಲುತ್ತವೆ; ಇವು ಎಸ್‌ಎಂಸಿ1 ಮತ್ತು ಎಸ್‌ಎಂಸಿ3. ತೆರೆದ ಬಾಯಿಗೆ ಅಡ್ಡಲಾಗಿ ಬಾಳೆನಾರನ್ನು ಬಿಗಿದರೆ ಬಳೆ ಮುಚ್ಚುತ್ತದೆ; ಈ ನಾರೇ ಎಸ್‌ಸಿಸಿ1. ಮುಚ್ಚುವ ಮೊದಲು ಒಂದು ನೂಲನ್ನು ಬಳೆಯೊಳಗೆ ಇರಿಸಿ, ಬಳಿಕ ಅದೇ ಬಣ್ಣದ ಎರಡನೆಯ ನೂಲನ್ನು ಮೊದಲನೆಯದರ ಪಕ್ಕದಲ್ಲಿಯೇ ಅದೇ ಬಳೆಯೊಳಗಿಂದ ತೂರಿಸಬೇಕು, ಏಕೆಂದರೆ ಕೋಶದಲ್ಲಿ ಡಿಎನ್‌ಎ ನಕಲಾಗುತ್ತಿರುವಾಗಲೇ ಸೋದರಿ ತಂತುಗಳು, ಅಂದರೆ ಒಂದೇ ವರ್ಣತಂತುವಿನ ಎರಡು ಪ್ರತಿಗಳು, ಹೀಗೆ ಜೊತೆಗೂಡುತ್ತವೆ. ಆಗ ಇಕೊ1 ಎಂಬ ಪ್ರೋಟೀನ್ ಎಸ್‌ಎಂಸಿ3ರ ಮೇಲೆ ಒಂದು ಸಣ್ಣ ರಾಸಾಯನಿಕ ಗುರುತನ್ನಿಟ್ಟು ಬಳೆಯನ್ನು ಭದ್ರಪಡಿಸುತ್ತದೆ; ಇದಕ್ಕೆ ನಾರಿನ ಮೇಲೆ ಇನ್ನೊಂದು ಗಂಟು ಸಾಕು. ನೂಲಿಗೆ ನೂಲನ್ನು ಮಾತ್ರ ಕಟ್ಟಬಾರದು.

ಪ್ರತಿ ನೂಲಿನ ನಡುವೆ ಒಂದು ಗಂಟು ಹಾಕಿದರೆ ಅದು ಸೆಂಟ್ರೋಮಿಯರ್, ಅಂದರೆ ಕದಿರಿನ ಎಳೆ ಹಿಡಿಯುವ ಜಾಗ. ಅದಕ್ಕೆ ಎಳೆಯ ಪ್ರತಿರೂಪವಾಗಿ ಒಂದೇ ಒಂದು ಹುರಿ ಕಟ್ಟಿ, ಜೋಡಿಯಲ್ಲಿ ಒಂದರ ಹುರಿಯನ್ನು ಒಂದು ಧ್ರುವದ ಕೈಗೂ ಮತ್ತೊಂದರದನ್ನು ಎದುರು ಧ್ರುವದ ಕೈಗೂ ಕೊಡಬೇಕು. ಮನುಷ್ಯರ ಒಂದೊಂದು ಸೆಂಟ್ರೋಮಿಯರಿಗೆ ಹಲವು ಎಳೆಗಳು ಹಿಡಿಯುತ್ತವೆ, ಯೀಸ್ಟಿನದಕ್ಕೆ ಒಂದೇ. ಮಾದರಿಗೆ ಯೀಸ್ಟ್ ಅನುಕೂಲವಾಗುವುದು ಈ ಸರಳತೆಯಿಂದ. ಈಗ ಎಳೆಯಲು ಹೇಳಿ. ಹುರಿ ಬಿಗಿಯುತ್ತದೆ, ಕಡ್ಡಿಗಳು ಬಾಗುತ್ತವೆ, ಜೋಡಿ ಮಾತ್ರ ಬಿಡುವುದಿಲ್ಲ. ಈ ಬಿಗಿತವನ್ನು ಮಕ್ಕಳು ಕೈಯಲ್ಲಿ ಅನುಭವಿಸುವವರೆಗೆ ಮುಂದೆ ಹೋಗಬಾರದು.

ಕತ್ತರಿಯು ಬಳೆಯನ್ನು ತುಂಡರಿಸುವ ಸೆಪರೇಸ್ ಎಂಬ ಪ್ರೋಟೀನ್, ಯೀಸ್ಟಿನಲ್ಲಿ ಅದರ ಹೆಸರು ಇಎಸ್‌ಪಿ1. ಅದು ಬಹಳ ಮೊದಲೇ ಸಿದ್ಧವಿದ್ದರೂ ಸೆಕ್ಯೂರಿನ್ ಎಂಬ ಪ್ರೋಟೀನ್, ಅಂದರೆ ಪಿಡಿಎಸ್1, ಅದರ ಬಾಯಿ ಕಟ್ಟಿರುತ್ತದೆ. ಆದ್ದರಿಂದ ಕತ್ತರಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅಂಟಿಸಿಡಬೇಕು. ಹೊದಿಕೆ ತೆಗೆಯಲು ಇಬ್ಬರು ಬೇಕು: ಒಬ್ಬನು ನಾಶವಾಗಬೇಕಾದ ಪ್ರೋಟೀನಿಗೆ ಗುರುತಿಡುವ ಎಪಿಸಿ, ಹೊದಿಕೆಯ ಮೇಲೆ ಕೆಂಪು ಚೀಟಿಗಳನ್ನು ಅಂಟಿಸುತ್ತಾನೆ, ಇನ್ನೊಬ್ಬಳು ಗುರುತಿರುವ ಪ್ರೋಟೀನನ್ನು ಒಡೆಯುವ ಪ್ರೋಟಿಯಾಸೋಮ್, ಚೀಟಿ ಇರುವ ಹೊದಿಕೆಯನ್ನು ಹರಿದು ಬುಟ್ಟಿಗೆ ಹಾಕುತ್ತಾಳೆ. ಕೋಶದಲ್ಲಿ ಆ ಚೀಟಿಯ ಹೆಸರು ಯುಬಿಕ್ವಿಟಿನ್. ಬಿಚ್ಚಿಡುವುದಲ್ಲ, ಹರಿಯಬೇಕು, ಕೋಶವು ಈ ಹೆಜ್ಜೆಯಿಂದ ಹಿಂದಿರುಗಲಾರದಿರಲು ಅದೇ ಕಾರಣ.

ಆದರೆ ಎಪಿಸಿಗೆ ಚಾಲನೆ ಕೊಡುವ ಪ್ರೋಟೀನಿನ ಹೆಸರು, ಸಿಡಿಸಿ20, ಬರೆದ ಕಾರ್ಡು ಕೈಗೆ ಬರುವವರೆಗೆ ಎಪಿಸಿ ಚೀಟಿ ಅಂಟಿಸುವಂತಿಲ್ಲ. ಒಂದು ನೂಲಿಗೆ ಬೇಕೆಂದೇ ಹುರಿ ಕಟ್ಟದೆ ಬಿಟ್ಟು, ಅದರ ಪಕ್ಕದಲ್ಲಿ ಮ್ಯಾಡ್2 ಎಂಬ ಕಾವಲು ಪ್ರೋಟೀನ್ ಆಗಿ ಒಬ್ಬ ಹುಡುಗಿಯನ್ನು ನಿಲ್ಲಿಸಿ, ಕಾರ್ಡನ್ನು ಆಕೆ ಹಿಡಿದುಕೊಳ್ಳಲಿ. ಉಳಿದ ಏಳು ನೂಲುಗಳು ಸರಿಯಾಗಿದ್ದರೂ ಆ ಒಂದಕ್ಕಾಗಿ ಇಡೀ ತರಗತಿ ಕಾಯುತ್ತದೆ. ಕೊನೆಯ ಹುರಿ ಕಟ್ಟಿದ ಮೇಲೆ ಕಾರ್ಡು ಬಿಡುಗಡೆಯಾಗುತ್ತದೆ, ಹೊದಿಕೆ ಹರಿಯುತ್ತದೆ, ಕತ್ತರಿ ಬಾಳೆನಾರುಗಳನ್ನು ಕತ್ತರಿಸುತ್ತದೆ. ಮೊದಲೇ ಬಿಗಿದಿದ್ದ ನೂಲುಗಳು ಟಪ್ಪೆಂದು ಎರಡು ಕಡೆಗೆ ಹಾರುವುದನ್ನು ನೋಡಿದ ಮಗು ‘ಎಳೆಯುವುದರಿಂದ’ ಎಂದಷ್ಟೇ ಮತ್ತೆ ಬರೆದದ್ದು ನನಗೆ ನೆನಪಿಲ್ಲ. ನಾವು ಒಂದೊಂದಾಗಿ ಕತ್ತರಿಸುತ್ತೇವೆ, ಕೋಶದಲ್ಲಿ ಅನೇಕ ಕತ್ತರಿಗಳು ಬಹುತೇಕ ಒಟ್ಟಿಗೆ ಕೆಲಸ ಮಾಡುತ್ತವೆ. ಮಾದರಿಯ ಈ ಕೊರತೆಯನ್ನು ಮುಚ್ಚಿಡಬಾರದು.

ಸಮಯವಿದ್ದರೆ ಆಟವನ್ನು ಕೆಡಿಸಿಯೂ ತೋರಿಸಬೇಕು. ಜೋಡಿಯ ಎರಡೂ ಹುರಿಗಳನ್ನು ಒಂದೇ ಧ್ರುವಕ್ಕೆ ಕೊಟ್ಟರೆ ಬಿಗಿತ ಬರುವುದಿಲ್ಲ. ಸಡಿಲವಾದ ಇಂಥ ಹಿಡಿತವನ್ನು ಐಪಿಎಲ್1 ಎಂಬ ಕೈನೇಸ್ (ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸುವ ಕಿಣ್ವ) ಬಿಡಿಸಿ ಹೊಸದಾಗಿ ಕಟ್ಟಲು ಅವಕಾಶ ಕೊಡುತ್ತದೆ. ಇಲ್ಲಿ ಬಿಚ್ಚುವುದು ಹುರಿಯನ್ನು, ಬಳೆಯನ್ನಲ್ಲ. ಇನ್ನೊಮ್ಮೆ ಮ್ಯಾಡ್2 ಹುಡುಗಿಯನ್ನು ಕುಳ್ಳಿರಿಸಿ, ಒಂದು ಹುರಿ ಕಟ್ಟದಿರುವಾಗಲೇ ಕಾರ್ಡು ಕೊಟ್ಟುಬಿಡಿ: ಒಂದು ಮರಿಕೋಶಕ್ಕೆ ಎರಡು ನೂಲು ಹೋಗಿ ಇನ್ನೊಂದು ಬರಿಗೈಯಲ್ಲಿ ಉಳಿಯಬಹುದು. ಈ ಕಾವಲಿಗೆ ಬೇಕಾದ ಮ್ಯಾಡ್ ಮತ್ತು ಬಬ್ ಜೀನುಗಳು 1991ರಲ್ಲಿ ಪತ್ತೆಯಾದದ್ದು ಇದೇ ಬಗೆಯ ಯೀಸ್ಟ್ ತಳಿಗಳಿಂದ. ಎಂದಿನ ಸ್ಥಿತಿಯಲ್ಲಿ ಬದುಕುವ ಅವು, ಕದಿರಿನ ಎಳೆಗಳನ್ನು ಕೆಡಿಸುವ ಬೆನೊಮಿಲ್ ಎಂಬ ಶಿಲೀಂಧ್ರನಾಶಕ ಹಾಕಿದಾಗ ಕಾಯದೆ ವಿಭಜನೆಗೊಂಡು ಸಾಯುತ್ತವೆ. ಬೆನೊಮಿಲ್ ಒಡೆದು ಉಂಟಾಗುವ ಕಾರ್ಬೆಂಡಾಜಿಮ್ ತೋಟಗಾರರ ಮಕ್ಕಳಿಗೆ ಪರಿಚಿತ ಹೆಸರು. ಅಡಿಕೆಯ ಕೊಳೆರೋಗಕ್ಕೆ ಮಾತ್ರ ಅದು ನಾಟುವುದಿಲ್ಲ, ಏಕೆಂದರೆ ಆ ರೋಗದ ಫೈಟೊಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ. ಅದಕ್ಕೆ ಸಾಮಾನ್ಯವಾಗಿ ಬೋರ್ಡೊ ದ್ರಾವಣ ಸಿಂಪಡಿಸುತ್ತಾರೆ.

ಬೇರ್ಪಡಲು ನಾರು ತುಂಡಾದರೆ ಸಾಕೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಹೊದಿಕೆಯ ಕತ್ತರಿಯನ್ನು ಮುಟ್ಟದೆ, ಜೇಬಿನಿಂದ ಬೇರೊಂದು ಬ್ಲೇಡ್ ತೆಗೆದು ನಾರನ್ನು ನೀವೇ ಕತ್ತರಿಸಿ. ವಿಯೆನ್ನಾದಲ್ಲಿ ಕಿಮ್ ನಾಸ್ಮಿತ್ ಅವರ ತಂಡದ ಫ್ರಾಂಕ್ ಉಲ್ಮನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಹೆಚ್ಚುಕಡಿಮೆ ಹೀಗೆಯೇ ಇತ್ತು: ಹೊಗೆಸೊಪ್ಪಿನ ಗಿಡಕ್ಕೆ ತಗಲುವ ಒಂದು ವೈರಸ್ಸಿನ ಕತ್ತರಿ ಮಾತ್ರ ಗುರುತಿಸುವ ಜಾಗವನ್ನು ಎಸ್‌ಸಿಸಿ1ರಲ್ಲಿ ಸೇರಿಸಿ, ಸಿಡಿಸಿ20 ಇಲ್ಲದೆ ತಡೆದು ನಿಂತಿದ್ದ ಕೋಶಗಳಲ್ಲಿ ಆ ಕತ್ತರಿಯನ್ನು ಉತ್ಪಾದಿಸಿದಾಗ ತಂತುಗಳು ಎರಡು ಧ್ರುವಗಳತ್ತ ಸರಿದವು.

ಪಾಠ ಮುಗಿದ ಮೇಲೆ ಕಡ್ಡಿಗಳನ್ನು ಎಸೆಯದೆ ಕಟ್ಟಿಡಬಹುದು, ಬಾಳೆನಾರನ್ನು ಮಾತ್ರ ಪ್ರತಿಸಲವೂ ಹೊಸದಾಗಿ ನೆನೆಸಿಟ್ಟುಕೊಳ್ಳಬೇಕು. ಯೀಸ್ಟ್ ಕೋಶವೂ ತುಂಡಾದ ಎಸ್‌ಸಿಸಿ1 ಅನ್ನು ವಿಲೇವಾರಿ ಮಾಡಿ, ಮುಂದಿನ ಸುತ್ತಿನಲ್ಲಿ ಡಿಎನ್‌ಎಯ ನಕಲು ಆರಂಭವಾಗುವ ಹೊತ್ತಿಗೆ ಹೊಸತನ್ನು ತಯಾರಿಸಿಕೊಳ್ಳುತ್ತದೆ.