ಮಕ್ಕಳ ಹಳೆಯ ಸೈಕಲ್ಲಿಗೆ ಮನೆಯಲ್ಲೇ ಹೊಸ ಬಣ್ಣ

ದೊಡ್ಡ ಮಗು ಓಡಿಸಿ ಬಿಟ್ಟ ಹದಿನಾರು ಇಂಚಿನ ಸೈಕಲ್ಲನ್ನು ಚಿಕ್ಕದಕ್ಕೆ ಸಿದ್ಧಪಡಿಸಲು ಹೊರಟವರು ಅಂಗಡಿಗೆ ಹೋಗಿ ಬಣ್ಣದ ಡಬ್ಬಿ ತರುವುದಕ್ಕೆ ಮೊದಲು ಫ್ರೇಮನ್ನು ಬಿಸಿಲಿಗೆ ಎಳೆದು ಚೆನ್ನಾಗಿ ನೋಡಬೇಕು. ಹ್ಯಾಂಡಲ್ಲಿನ ಕೊಳವೆಗೆ ಕೆಳಗಿನ ಪೈಪು ಬೆಸೆದಿರುವ ಜಾಗ, ಪೆಡಲಿನ ಅಚ್ಚು ಹಾದುಹೋಗುವ ಬಟ್ಟಲಾಕಾರದ ಕಪ್ಪಿನ ತಳ, ಸ್ಟ್ಯಾಂಡು ಕೂರುವ ಭಾಗ, ಈ ಮೂರು ಕಡೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಟಣ್ ಎಂದರೆ ಕಬ್ಬಿಣ ಗಟ್ಟಿಯಾಗಿದೆ ಎಂದೂ, ಸದ್ದು ಮಂಕಾಗಿ ತುಕ್ಕಿನ ಹೊಪ್ಪಳೆ ಉದುರಿದರೆ ಒಳಗಿನಿಂದ ತಿಂದುಹೋಗಿದೆ ಎಂದೂ ತಿಳಿಯಬೇಕು. ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಕಂದು ಗೆರೆ ಕಂಡರೆ ಅದು ಬಿರುಕಾಗಿರಬಹುದು. ಫ್ರೇಮಿನ ಬಿರುಕಿಗೆ ಬಣ್ಣ ಹಚ್ಚುವ ಮೊದಲೇ ವೆಲ್ಡಿಂಗ್ ಮಾಡಿಸಬೇಕು, ಏಕೆಂದರೆ ಆ ಶಾಖಕ್ಕೆ ಸುತ್ತಲಿನ ಬಣ್ಣ ಸುಟ್ಟುಹೋಗುತ್ತದೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನಲ್ಲಿ ಬಿರುಕಿದ್ದರೆ ಮಾತ್ರ ವೆಲ್ಡಿಂಗಿನ ಮಾತೇ ಬೇಡ, ಬೇರೆ ಫೋರ್ಕ್ ಹಾಕಿಸುವುದೇ ಸರಿ.

ನಮ್ಮ ಮೈಸೂರು, ಮಂಡ್ಯದ ಕಡೆ ಎಲ್ಲರಿಗೂ ಈ ಕೆಲಸ ನೆನಪಾಗುವುದು ಆಯುಧಪೂಜೆ ಹತ್ತಿರ ಬಂದಾಗ. ಆದರೆ ಹಿಂಗಾರು ಮಳೆ ಸುರಿಯುವ ಆ ದಿನಗಳ ತೇವದಲ್ಲಿ ಎನಾಮೆಲ್ ಬಣ್ಣ ಒಣಗಲು ತಡಮಾಡುತ್ತದೆ, ಹೊಳಪೂ ಮಸುಕಾಗುತ್ತದೆ. ಸಂಕ್ರಾಂತಿ ಕಳೆದ ಮೇಲಿನ ಒಣ ದಿನಗಳು ಇದಕ್ಕೆ ಒಳ್ಳೆಯ ಕಾಲ. ಸುತ್ತಮುತ್ತ ಆಲೆಮನೆ ನಡೆಯುತ್ತಿದ್ದರೆ ಒಲೆಯ ಕರಿ ಹಾರಿಬಂದು ಹಸಿ ಬಣ್ಣದ ಮೇಲೆ ಕೂರುವುದರಿಂದ, ಅಂಥ ಊರಿನವರು ಅಂಗಳವನ್ನು ಬಿಟ್ಟು ಗಾಳಿಯಾಡುವ ಜಗಲಿಯಲ್ಲಿ ಕೆಲಸ ಮಾಡುವುದು ಲೇಸು.

ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಬ್ರೇಕಿನ ಕಡ್ಡಿ ಎಲ್ಲಿ ಹಾದುಹೋಗಿತ್ತು ಎಂಬುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಬಲಗಡೆಯ ಪೆಡಲ್ ಎಲ್ಲ ತಿರುಪಿನಂತೆ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ, ಎಡಗಡೆಯ ಪೆಡಲಿನ ಮರೆ (ತಿರುಪಿನ ಸುರುಳಿ ಗೆರೆ) ಇದಕ್ಕೆ ವಿರುದ್ಧವಾದ್ದರಿಂದ ಅದನ್ನು ಬಲಕ್ಕೆ ತಿರುಗಿಸಬೇಕು. ಇದು ತಿಳಿಯದೆ ಬಲ ಪ್ರಯೋಗಿಸಿ ಮರೆ ಕೆಡಿಸಿಕೊಂಡವರು ಬಹಳ ಮಂದಿ. ಹ್ಯಾಂಡಲ್ಲಿನ ಕಪ್ಪಿನಿಂದ ಉದುರುವ ಬೇರಿಂಗ್ ಗುಂಡುಗಳನ್ನೂ ಅಚ್ಚಿನ ಗುಂಡುಗಳನ್ನೂ ಬೇರೆ ಬೇರೆ ಬಟ್ಟಲಲ್ಲಿ ಎಣಿಸಿಡಬೇಕು, ಅವುಗಳ ಗಾತ್ರ ಒಂದೇ ಆಗಿರುವುದಿಲ್ಲ. ಹಳೆಯ ಸ್ಟಿಕ್ಕರುಗಳು ನಡುಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿ ಸುಲಿದುಬರುತ್ತವೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಆ ಎಣ್ಣೆಯ ಜಿಡ್ಡನ್ನು ಸೋಪಿನ ನೀರಿನಲ್ಲಿ ಪೂರ್ತಿ ತೊಳೆಯಬೇಕು.

ಇನ್ನು ಉಜ್ಜುವ ಕೆಲಸ. ತುಕ್ಕನ್ನು ಕಂಡು ಹೆದರುವವರು ಹಳೆಯ ಬಣ್ಣಕ್ಕೆ ಹೆದರುವುದಿಲ್ಲ, ನಿಜವಾಗಿ ಹೆದರಬೇಕಾದದ್ದು ಅದಕ್ಕೇ. ಹಳೆಯ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಕಿತ್ತಳೆ ಬಣ್ಣಗಳಲ್ಲಿ, ಸೀಸ ಇರುವ ಸಾಧ್ಯತೆಯಿದೆ. ಒಣಗಿದ್ದಾಗಲೇ ಉಜ್ಜಿದರೆ ಅದು ಹುಡಿಯಾಗಿ ಗಾಳಿಯಲ್ಲಿ ಸೇರಿ, ನೆಲದಲ್ಲಿ ತೆವಳುವ ಮಗುವಿನ ಕೈಗೂ ಬಾಯಿಗೂ ಹೋಗುತ್ತದೆ. ಬೆಳೆಯುವ ಮಕ್ಕಳ ಮೆದುಳಿಗೆ ಸೀಸ ಅಲ್ಪ ಪ್ರಮಾಣದಲ್ಲಿದ್ದರೂ ಕೆಟ್ಟದ್ದು. ಆದ್ದರಿಂದ ಹಳೆಯ ಬಣ್ಣವನ್ನು ಸುಟ್ಟು ತೆಗೆಯಬಾರದು, ಒಣ ಉಪ್ಪುಕಾಗದದಿಂದಲೂ ತಿಕ್ಕಬಾರದು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೂಗಿಗೆ ದೂಳು ತಡೆಯುವ ಒಳ್ಳೆಯ ಮಾಸ್ಕ್ ಕಟ್ಟಿಕೊಂಡು, 220 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಅದ್ದಿ ಉಜ್ಜಬೇಕು. ಗಟ್ಟಿಯಾಗಿ ಕಚ್ಚಿಕೊಂಡಿರುವ ಬಣ್ಣವನ್ನು ಬುಡಸಮೇತ ತೆಗೆಯುವ ಅಗತ್ಯವಿಲ್ಲ, ಹೊಳಪು ಹೋಗಿ ಉಗುರಿಗೆ ತರಿತರಿಯಾಗಿ ತಾಕಿದರೆ ಸಾಕು. ಕೆಸರನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ಚೀಲದಲ್ಲಿ ಕಟ್ಟಿ ಬಿಸಾಡಬೇಕು, ಹಿತ್ತಲಿನ ಸೊಪ್ಪಿನ ಪಾತಿಗೆ ತೊಳೆದುಬಿಡಬಾರದು. ಮಗು ಸಹಾಯಕ್ಕೆ ಬರುತ್ತೇನೆಂದು ಹಟ ಹಿಡಿದರೆ ಬಣ್ಣ ಆರಿಸುವ ಅಧಿಕಾರವನ್ನು ಕೊಟ್ಟು ಒಳಗೆ ಕಳುಹಿಸಿ.

ಒದ್ದೆ ಪೂರ್ತಿ ಆರಿದ ಮೇಲೆ ತುಕ್ಕಿನ ಕಲೆಗಳನ್ನು ಮಾತ್ರ ಎಮೆರಿ ಬಟ್ಟೆಯಿಂದ ಬಿಳಿ ಲೋಹ ಕಾಣುವವರೆಗೆ ತಿಕ್ಕಿ, ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ಹೀಗೆ ಬತ್ತಲಾದ ಕಬ್ಬಿಣವನ್ನು ರಾತ್ರಿ ಹಾಗೆಯೇ ಬಿಟ್ಟರೆ ಬೆಳಗಿನ ಇಬ್ಬನಿಗೆ ಮತ್ತೆ ಕೇಸರಿ ಪೊರೆ ಕಟ್ಟುತ್ತದೆ. ಆದಕಾರಣ ಅದೇ ದಿನ ತುಕ್ಕು ತಡೆಯುವ ತಳಬಣ್ಣವಾದ ರೆಡ್ ಆಕ್ಸೈಡ್ ಪ್ರೈಮರ್ ಬಿದ್ದೇ ಬೀಳಬೇಕು, ಅಷ್ಟು ಹೊತ್ತಿಲ್ಲದ ದಿನ ಎಮೆರಿಯನ್ನು ಕೈಗೆತ್ತಿಕೊಳ್ಳಲೇಬಾರದು. ಮಗು ಹಳದಿಯನ್ನೋ ತಿಳಿ ಗುಲಾಬಿಯನ್ನೋ ಆರಿಸಿದ್ದರೆ ಪ್ರೈಮರಿನ ಕಂದು ಮೇಲೆ ಇಣುಕದಂತೆ ನಡುವೆ ಬಿಳಿಯ ಒಂದು ಕೋಟು ಬೇಕಾಗುತ್ತದೆ.

ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲಿನ ಬರಹವನ್ನು ಓದಿ. 2017ರ ನವೆಂಬರ್ 1ರಿಂದ ಜಾರಿಯಾದ ಕೇಂದ್ರದ ನಿಯಮದಂತೆ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರುವಂತಿಲ್ಲ, ಡಬ್ಬಿಯ ಮೇಲೆ ಹಾಗೆಂದು ಮುದ್ರಿಸಬೇಕು. ಬಿಡಿಯಾಗಿ ಸುರಿದುಕೊಡುವ ಬಣ್ಣಕ್ಕೆ ಈ ಖಾತರಿ ಇರುವುದಿಲ್ಲ. 1937ರಲ್ಲಿ ಆರಂಭವಾದ ನಮ್ಮ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯನ್ನು ದೇಶವೆಲ್ಲ ಮತದಾನದ ಶಾಯಿಯಿಂದ ಗುರುತಿಸಿದರೂ ಅಲ್ಲಿ ಇಂಥ ಬಣ್ಣಗಳೂ ತಯಾರಾಗುತ್ತವೆ ಎಂಬುದನ್ನು ಹೊರಗಿನವರಿಗೆ ಹೇಳಲು ನಾನು ಮರೆಯುವುದಿಲ್ಲ.

ಹಚ್ಚುವ ದಿನ ಸೀಟಿನ ಕೊಳವೆಯೊಳಗೆ ಹಗ್ಗ ತೂರಿಸಿ ಫ್ರೇಮನ್ನು ತೂಗುಹಾಕಿದರೆ ಸುತ್ತಲೂ ಕೈಯಾಡುತ್ತದೆ. ಇಬ್ಬನಿ ಆರಿದ ಮೇಲೆ ಆರಂಭಿಸಿ, ನೇರ ಬಿಸಿಲು ತಾಗದ ಕಡೆ, ಚಕ್ಕುಲಿ ಹಿಟ್ಟಿಗೆ ಎಣ್ಣೆ ಬಿಟ್ಟಷ್ಟೇ ಹಿತವಾಗಿ ಟರ್ಪೆಂಟೈನ್ ಬೆರೆಸಿ, ತೆಳುವಾದ ಎರಡು ಕೋಟುಗಳನ್ನು ಒಂದು ದಿನದ ಅಂತರದಲ್ಲಿ ಕೊಡಬೇಕು; ನಡುವೆ 400 ನಂಬರಿನ ಕಾಗದದಿಂದ ಹಗುರವಾಗಿ ಸವರಬೇಕು. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಪೈಪಿನ ಅಡಿಯಲ್ಲಿ ಹನಿಗಟ್ಟುತ್ತದೆ. ಎನಾಮೆಲ್ಲಿಗೆ ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ಬಳಸುವ ತೀಕ್ಷ್ಣ ದ್ರಾವಕ) ಸೇರಿಸಬೇಡಿ. ಕೆಳಗಿನ ಎಳೆಯ ಕೋಟು ಅದಕ್ಕೆ ಸುಕ್ಕುಗಟ್ಟಿ ಎದ್ದುಬರುತ್ತದೆ. ಮರೆಗಳಿಗೆ, ಗುಂಡುಗಳು ಕೂರುವ ಕಪ್ಪುಗಳಿಗೆ, ಸೀಟಿನ ಕಂಬಕ್ಕೆ, ಬ್ರೇಕ್ ರಬ್ಬರ್ ಉಜ್ಜುವ ರಿಮ್ಮಿನ ಅಂಚಿಗೆ ಬಣ್ಣ ತಾಗಬಾರದು. ಫ್ರೇಮಿನ ನಂಬರನ್ನು ಬಣ್ಣದಲ್ಲಿ ಮುಚ್ಚಿಹಾಕುವುದೂ ತಪ್ಪು. ಥಿನ್ನರ್, ಬಣ್ಣ ಕುಡಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆಯದೆ ಹೊರಗೆ ಹರಡಿ ಒಣಗಿಸಿ, ಇಲ್ಲವಾದರೆ ಅವು ತಾವಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು.

ಬಣ್ಣ ಗಟ್ಟಿಯಾಗಲು ಒಂದು ವಾರ ಬೇಕು. ಆ ಬಿಡುವಿನಲ್ಲಿ ಹ್ಯಾಂಡಲ್ಲಿನ ಕ್ರೋಮಿನ ತುಕ್ಕನ್ನು ನೀರಿನಲ್ಲಿ ಅದ್ದಿದ ಅಲ್ಯೂಮಿನಿಯಂ ಹಾಳೆಯ ಉಂಡೆಯಿಂದ ಉಜ್ಜಿ, ಚೈನನ್ನು ಡೀಸೆಲ್ಲಿನಲ್ಲಿ ನೆನೆಸಿ ಒರೆಸಿ ಎಣ್ಣೆ ಬಿಡಿ. ಪೈಪುಗಳ ಒಳಗೆ ತುಕ್ಕು ತಡೆಯಲು ಎಣ್ಣೆ ಸುರಿಯುವ ವಾಡಿಕೆ ಒಳ್ಳೆಯದೇ, ಆದರೆ ಅದನ್ನು ಬಣ್ಣ ಗಟ್ಟಿಯಾದ ಮೇಲೆಯೇ ಮಾಡಬೇಕು. ಮೊದಲೇ ಸುರಿದರೆ ಕೀಲುಗಳಲ್ಲಿ ಜಿನುಗಿ ಪ್ರೈಮರನ್ನು ಹಿಡಿಯಗೊಡುವುದಿಲ್ಲ. ಜೋಡಿಸುವಾಗ ಗುಂಡುಗಳಿಗೆ ಹೊಸ ಗ್ರೀಸು, ಸವೆದಿದ್ದರೆ ಬ್ರೇಕಿಗೆ ಹೊಸ ರಬ್ಬರು ಹಾಕಿ, ಸೀಟಿನ ಕಂಬವನ್ನು ಅದರ ಮೇಲಿನ ಗೆರೆ ಹೊರಗೆ ಕಾಣದಷ್ಟು ಒಳಗಿಳಿಸಿ ಬಿಗಿಮಾಡಿ. ಉಳಿದ ಬಣ್ಣವನ್ನು ಸಣ್ಣ ಗಾಜಿನ ಶೀಸೆಗೆ ತುಂಬಿ, ಬಾಯಿ ಬಿಗಿದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಎರಡು ದಿನಕ್ಕೆಲ್ಲ ಸೈಕಲ್ ಗೇಟಿಗೆ ಒರಗಿ ಗೀಚಿಕೊಂಡಿರುತ್ತದೆ, ತುಕ್ಕು ಹಿಡಿಯುವ ಮೊದಲು ಬೆಂಕಿಕಡ್ಡಿಯ ತುದಿಯಿಂದ ಒಂದು ಚುಕ್ಕಿ ಇಟ್ಟರೆ ಮುಗಿಯಿತು.