ವಾಕಿಟಾಕಿ ಸ್ಕ್ಯಾನ್: ಎಲ್ಲ ಚಾನೆಲ್ ಸುತ್ತಲಿ, ಒಂದು ಮಾತ್ರ ತಪ್ಪದಿರಲಿ

ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ಜಾತ್ರೆಯನ್ನೇ ತೆಗೆದುಕೊಳ್ಳಿ. ಒಂದು ಕಡೆ ತೇರು, ಒಂದು ಕಡೆ ದನಗಳ ಪರಿಷೆ, ನಡುವೆ ದಾಸೋಹದ ಸಾಲು, ಕ್ಯಾತ್ಸಂದ್ರದ ಕಡೆಯಿಂದ ಬರುವ ಗಾಡಿಗಳು. ಇಂಥ ಜನಸಂದಣಿಯಲ್ಲಿ ಸ್ವಯಂಸೇವಕರ ಒಂದೊಂದು ಗುಂಪಿಗೆ ಒಂದೊಂದು ಚಾನೆಲ್ ಕೊಟ್ಟರೆ ಗದ್ದಲ ಕಡಿಮೆ. ಆದರೆ ಮೇಜಿನ ಹತ್ತಿರ ಕೂತ ಮೇಲ್ವಿಚಾರಕರು ಎಲ್ಲರ ಮಾತನ್ನೂ ಕೇಳಬೇಕು. ಅದಕ್ಕೇ ಸ್ಕ್ಯಾನ್.

ಮೊದಲು ಸೆಟ್ ಯಾವುದೆಂದು ನೋಡಿ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ವಾಕಿಟಾಕಿಗಳು 446.0ರಿಂದ 446.2 ಮೆಗಾಹರ್ಟ್ಸ್ ಒಳಗೆ ಕೆಲಸ ಮಾಡುವಂಥವು. ಚಾನೆಲ್‌ಗಳ ಅಂತರ 12.5 ಕಿಲೋಹರ್ಟ್ಸ್, ಹಾಗಾಗಿ ಒಟ್ಟು 16 ಚಾನೆಲ್. ಇದನ್ನು ಬಿಟ್ಟು ಬೇರೆ ಫ್ರೀಕ್ವೆನ್ಸಿಗೆ ತಿರುಗುವ ಅಗ್ಗದ ಸೆಟ್ ಸಿಕ್ಕಿತೆಂದು ಲೈಸೆನ್ಸ್ ಇಲ್ಲದೆ ಜಾತ್ರೆಗೆ ತರಬೇಡಿ.

ಸ್ಕ್ಯಾನ್ ಅಂದರೆ ಸೆಟ್ ಎಲ್ಲ ಚಾನೆಲ್‌ಗಳನ್ನೂ ಒಟ್ಟಿಗೆ ಕೇಳುತ್ತದೆ ಎಂದುಕೊಂಡವರೇ ಹೆಚ್ಚು. ಹಾಗಿಲ್ಲ. ಅದು ಒಂದೊಂದೇ ಚಾನೆಲ್‌ಗೆ ಹೋಗಿ, ಸಿಗ್ನಲ್ ಇದೆಯೇ ಎಂದು ಇಣುಕಿ, ಇಲ್ಲದಿದ್ದರೆ ಮುಂದಕ್ಕೆ ಹಾರುತ್ತದೆ. ಸೆಕೆಂಡಿಗೆ ಮೂರು ಚಾನೆಲ್ ಇಣುಕುವ ಸೆಟ್‌ಗೆ 12 ಚಾನೆಲ್ ಕೊಟ್ಟರೆ ಒಂದು ಸುತ್ತಿಗೆ ನಾಲ್ಕು ಸೆಕೆಂಡ್ ಬೇಕು. ಅಷ್ಟರಲ್ಲಿ ‘ಎರಡನೇ ಗೇಟ್ ತುಂಬಿದೆ’ ಎಂಬ ಮಾತು ಮುಗಿದೇ ಹೋಗಿರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಬೇಕಾದ ನಾಲ್ಕೈದು ಚಾನೆಲ್ ಮಾತ್ರ ಇರಲಿ: 1 ತುರ್ತು, 2 ವಾಹನ ನಿಲುಗಡೆ, 3 ದಾಸೋಹ, 4 ತೇರು, 5 ಪರಿಷೆ.

ಪಟ್ಟಿ ಮಾಡುವ ರೀತಿ ಸೆಟ್‌ನಿಂದ ಸೆಟ್‌ಗೆ ಬೇರೆ. ಕೆಲವದರಲ್ಲಿ ಚಾನೆಲ್ ಆರಿಸಿ, ಮೆನುವಿನಲ್ಲಿ ‘ಸ್ಕ್ಯಾನ್ ಆಡ್’ ಒತ್ತಿದರೆ ಸಾಕು. ಕೆಲವದಕ್ಕೆ ಕೇಬಲ್ ಹಾಕಿ ಕಂಪ್ಯೂಟರಿನಲ್ಲೇ ತುಂಬಬೇಕು. ಆ ಕೆಲಸ ಜಾತ್ರೆಯ ಬೆಳಗ್ಗೆಗೆ ಇಟ್ಟುಕೊಳ್ಳಬೇಡಿ.

ಈಗ ಪ್ರಯಾರಿಟಿ. ಒಂದು ಚಾನೆಲ್‌ಗೆ ಇದನ್ನು ಕೊಟ್ಟರೆ, ಸೆಟ್ ಬೇರೆ ಚಾನೆಲ್‌ನ ಮಾತು ಕೇಳಿಸುತ್ತಿರುವಾಗಲೂ ಆಗಾಗ ಕ್ಷಣಮಾತ್ರ ಅಲ್ಲಿಗೆ ಹೋಗಿ ಇಣುಕಿ ಬರುತ್ತದೆ. ಅಲ್ಲಿ ಯಾರಾದರೂ ಮಾತಾಡಿದರೆ ಇಲ್ಲಿನ ಮಾತನ್ನು ಅರ್ಧಕ್ಕೇ ಬಿಟ್ಟು ಅಲ್ಲಿಗೆ ಹಾರುತ್ತದೆ. ಕೇಳುವ ಮಾತು ನಡುನಡುವೆ ಚೂರು ಚೂರು ಕತ್ತರಿಸಿದಂತೆ ಆಗುವುದು ಈ ಇಣುಕಾಟದಿಂದ. ಸೆಟ್ ಕೆಟ್ಟಿಲ್ಲ. ಮೊಟೊರೋಲಾದಂಥ ವೃತ್ತಿಪರ ಸೆಟ್‌ಗಳಲ್ಲಿ ಒಂದು ಚಾನೆಲ್‌ಗೆ ಮೊದಲ ಪ್ರಯಾರಿಟಿ ಕೊಟ್ಟರೆ ಇಣುಕುವ ಸರದಿಯಲ್ಲಿ ಅರ್ಧದಷ್ಟು ಅದಕ್ಕೇ ಹೋಗುತ್ತದೆ. ಅಂದರೆ ಉಳಿದ ಚಾನೆಲ್‌ಗಳ ಪಾಲು ಅಷ್ಟು ಇಳಿಯಿತು.

ಇಲ್ಲೇ ಬಹಳ ಜನ ಎಡವುವುದು. ಹೆಚ್ಚು ಮಾತು ನಡೆಯುವ ವಾಹನ ನಿಲುಗಡೆಯ ಚಾನೆಲ್‌ಗೆ ಪ್ರಯಾರಿಟಿ ಕೊಟ್ಟುಬಿಡುತ್ತಾರೆ. ಆಮೇಲೆ ಸೆಟ್ ಅಲ್ಲೇ ಅಂಟಿಕೊಳ್ಳುತ್ತದೆ, ದಾಸೋಹದವರ ದನಿಯೇ ಕೇಳುವುದಿಲ್ಲ. ಪ್ರಯಾರಿಟಿ ಕೊಡಬೇಕಾದದ್ದು ದಿನವೆಲ್ಲ ಬಹುಪಾಲು ಸುಮ್ಮನಿರುವ, ಆದರೆ ಮಾತು ಬಂದರೆ ತಪ್ಪಬಾರದ ಚಾನೆಲ್‌ಗೆ. ಮಗು ತಪ್ಪಿಸಿಕೊಂಡಿದೆ, ತೇರಿನ ಹಗ್ಗದ ಹತ್ತಿರ ನೂಕುನುಗ್ಗಲು, ಆಂಬುಲೆನ್ಸ್ ಬೇಕು, ಇಷ್ಟಕ್ಕೇ ಮೀಸಲಾದ ಚಾನೆಲ್ 1ಕ್ಕೆ.

ಇನ್ನು ಉತ್ತರ ಕೊಡುವ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೇಲ್ವಿಚಾರಕರ ಸೆಟ್ ಚಾನೆಲ್ 1ರಲ್ಲಿಟ್ಟು ಸ್ಕ್ಯಾನ್ ಒತ್ತಿದೆ. ಚಾನೆಲ್ 2ರಲ್ಲಿ ಕರೆ ಬಂತು: ‘ಲಾರಿ ಒಳಗೆ ಬಿಡ್ಲಾ ಸಾರ್?’ ಸೆಟ್ ಅಲ್ಲಿ ನಿಂತಿತು. ಮಾತು ಮುಗಿದ ಮೇಲೂ ಕೆಲವು ಸೆಕೆಂಡ್ ಅಲ್ಲೇ ಕಾಯುತ್ತದೆ. ಆ ಹೊತ್ತಿನಲ್ಲಿ ಬಟನ್ ಒತ್ತಿ ಮಾತಾಡಿದರೆ, ಟಾಕ್‌ಬ್ಯಾಕ್ ಇರುವ ಸೆಟ್‌ಗಳಲ್ಲಿ, ಉತ್ತರ ಚಾನೆಲ್ 2ಕ್ಕೇ ಹೋಗುತ್ತದೆ. ಪಕ್ಕದವರನ್ನು ಕೇಳಿ, ಯೋಚಿಸಿ, ಎಂಟು ಸೆಕೆಂಡ್ ಬಿಟ್ಟು ‘ಬೇಡ, ನಿಲ್ಲಿಸಪ್ಪ’ ಎಂದರೆ? ಅಷ್ಟರಲ್ಲಿ ಸ್ಕ್ಯಾನ್ ಮತ್ತೆ ಶುರುವಾಗಿರುತ್ತದೆ, ಉತ್ತರ ಚಾನೆಲ್ 1ಕ್ಕೆ ಹೋಗುತ್ತದೆ. ಗೇಟಿನವನಿಗೆ ಏನೂ ಕೇಳಿಸದು, ಲಾರಿ ಒಳಗೆ. ಹಾಗಾಗಿ ಕಾಯುವ ಸಮಯವನ್ನು ಐದಾರು ಸೆಕೆಂಡಿಗೆ ಇಡಿ, ಬಟನ್ ಒತ್ತುವ ಮೊದಲು ಡಿಸ್‌ಪ್ಲೇಯಲ್ಲಿ ಚಾನೆಲ್ ನಂಬರ್ ನೋಡಿ. ತಡವಾಯಿತು ಅನ್ನಿಸಿದರೆ ಸ್ಕ್ಯಾನ್ ನಿಲ್ಲಿಸಿ, ಕೈಯಾರೆ ಚಾನೆಲ್ 2ಕ್ಕೆ ಹೋಗಿ ಹೇಳಿ.

ಕರೆಯುವವರೂ ಒಂದು ಅಭ್ಯಾಸ ಮಾಡಿಕೊಳ್ಳಬೇಕು. ಬಟನ್ ಒತ್ತಿದ ತಕ್ಷಣ ವಿಷಯ ಶುರು ಮಾಡಿದರೆ ಮೊದಲ ಪದಗಳನ್ನು ಸ್ಕ್ಯಾನ್ ನುಂಗುತ್ತದೆ. ಒತ್ತಿ, ಒಂದೆರಡು ಸೆಕೆಂಡ್ ತಡೆದು, ‘ಕಂಟ್ರೋಲ್, ಕಂಟ್ರೋಲ್, ಗೇಟ್ ಎರಡು’ ಎಂದು ಕರೆದು, ಉತ್ತರ ಬಂದ ಮೇಲೆ ವಿಷಯ ಹೇಳಲಿ.

ಯಾರೂ ಮಾತಾಡದಿದ್ದರೂ ಸೆಟ್ ಒಂದೇ ಚಾನೆಲ್‌ನಲ್ಲಿ ನಿಂತುಬಿಟ್ಟರೆ ಕಾರಣ ಹೆಚ್ಚಾಗಿ ಗಲಿಬಿಲಿ ಸಿಗ್ನಲ್: ಅಗ್ಗದ ಎಲ್‌ಇಡಿ ಸೀರಿಯಲ್ ಸೆಟ್, ಚಾರ್ಜರ್. ಸ್ಕ್ವೆಲ್ಚ್, ಅಂದರೆ ಇಷ್ಟಕ್ಕಿಂತ ಕ್ಷೀಣ ಸಿಗ್ನಲ್ ಕೇಳಿಸದಂತೆ ತಡೆಯುವ ಮಿತಿಯನ್ನು, ಒಂದೆರಡು ಮೆಟ್ಟಿಲು ಏರಿಸಿ. ಜಾಸ್ತಿ ಏರಿಸಿದರೆ ಬೆಟ್ಟದ ಮರೆಯಲ್ಲಿರುವವರ ಕ್ಷೀಣ ದನಿಯೂ ಹೋಗುತ್ತದೆ. ಬೇರೆಯವರ ಸೆಟ್‌ನ ಮಾತು ನುಗ್ಗಿದರೆ ನಿಮ್ಮ ಎಲ್ಲ ಸೆಟ್‌ಗೂ ಒಂದೇ ಟೋನ್ (ಮಾತಿನ ಜೊತೆ ಹೋಗುವ ಗುರುತಿನ ಸಂಕೇತ; ಅದು ಹೊಂದಿದರೆ ಮಾತ್ರ ಸೆಟ್ ದನಿ ಬಿಡುತ್ತದೆ) ಹಾಕಿ. ಇದರಿಂದ ಅವರ ಮಾತು ನಿಮಗೆ ಕೇಳದು ಅಷ್ಟೆ. ನಿಮ್ಮ ಮಾತು ಗುಟ್ಟಾಗುವುದಿಲ್ಲ. ಆ ಹೊತ್ತಿಗೆ ಬೇಡವಾದ ಚಾನೆಲ್ ಇದ್ದರೆ, ಸ್ಕ್ಯಾನ್ ಅಲ್ಲಿ ನಿಂತಾಗ ‘ನ್ಯೂಸೆನ್ಸ್ ಡಿಲೀಟ್’ ಒತ್ತಿ ತಾತ್ಕಾಲಿಕವಾಗಿ ತೆಗೆಯಬಹುದು. ಸೆಟ್ ಆಫ್ ಮಾಡಿ ಆನ್ ಮಾಡಿದರೆ ಅದು ವಾಪಸ್ ಬರುತ್ತದೆ.

ಸ್ಕ್ಯಾನ್ ಆನ್ ಇದ್ದರೆ ಬ್ಯಾಟರಿ ಉಳಿಸುವ ವ್ಯವಸ್ಥೆಗೆ ಬಿಡುವೇ ಸಿಗದು, ಚಾರ್ಜ್ ಬೇಗ ಇಳಿಯುತ್ತದೆ. ಗೇಟಿನವರಿಗೂ ದಾಸೋಹದವರಿಗೂ ಸ್ಕ್ಯಾನ್ ಬೇಕಿಲ್ಲ. ಮೇಲ್ವಿಚಾರಕರ ಮೇಜಿಗೆ ಮಾತ್ರ ಸಾಕು, ಜೊತೆಗೊಂದು ಹೆಚ್ಚುವರಿ ಬ್ಯಾಟರಿ. ಖರ್ಚು ಕೈಗೆಟುಕುವುದಾದರೆ ಇನ್ನೊಂದು ಸೆಟ್ಟನ್ನು ಚಾನೆಲ್ 1ರಲ್ಲೇ ಬಿಟ್ಟು ಎರಡು ಮೂರು ಮೀಟರ್ ದೂರ ಇಡಿ; ಪ್ರಯಾರಿಟಿಗಿಂತ ಅದೇ ನಂಬಿಕೆಯದು. ತೀರ ಪಕ್ಕದಲ್ಲೇ ಇಟ್ಟರೆ ಒಂದರಲ್ಲಿ ಮಾತಾಡುವಾಗ ಇನ್ನೊಂದು ಕಿವುಡಾಗುತ್ತದೆ.

ಹಿಂದಿನ ದಿನವೇ ಪರೀಕ್ಷೆ ಮಾಡಿ. ಇಬ್ಬರು ಚಾನೆಲ್ 2ರಲ್ಲಿ ಬಿಡದೆ ಮಾತಾಡಲಿ, ಮೂರನೆಯವರು ಚಾನೆಲ್ 1ರಲ್ಲಿ ಕರೆಯಲಿ. ಒಂದೆರಡು ಸೆಕೆಂಡಿನಲ್ಲಿ ಮೇಜಿನ ಸೆಟ್ 1ಕ್ಕೆ ಹಾರಬೇಕು. ಹಾರದಿದ್ದರೆ ಮೊದಲು ಚಾನೆಲ್ 1ರ ಟೋನ್ ಎರಡೂ ಸೆಟ್‌ನಲ್ಲಿ ಒಂದೇ ಇದೆಯೇ ನೋಡಿ. ಅದು ಸರಿ ಇದ್ದರೆ, ಪ್ರಯಾರಿಟಿ ಕೊಟ್ಟ ಮೇಲೆ ಸೇವ್ ಒತ್ತುವುದನ್ನು ಮರೆತಿರಬೇಕು.