ಕೀಳುವ ಮೊದಲು ಒಂದು ಎಕ್ಸ್‌ರೇ

"13 ಆದ್ರೂ ಹಾಲುಹಲ್ಲು ಬಿದ್ದಿಲ್ಲ ಮೇಡಂ. ಎಲ್ಲಾ ಕಿತ್ತು ಕ್ಲಿಪ್ ಹಾಕಿಬಿಡಿ" ಅಂದರು ಹುಡುಗನ ತಾಯಿ. ಕೀಳಲಿಲ್ಲ, ಓಪಿಜಿ (ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ) ತೆಗೆಸಿದೆ. ದವಡೆಯೊಳಗೆ ಹಲ್ಲುಗಳ ಸಂತೆಯೇ ನೆರೆದಿತ್ತು. ಖಾಯಂ ಹಲ್ಲುಗಳ ಜೊತೆ 9 ಹೆಚ್ಚುವರಿ. ಹೊರಗೆ ಬಂದಿದ್ದ ಖಾಯಂ ಹಲ್ಲುಗಳೆಂದರೆ 4 ದವಡೆಹಲ್ಲು ಮಾತ್ರ.

"ಎರಡೂ ಭುಜ ಮುಂದಕ್ಕೆ ತಾ ನೋಡೋಣ" ಅಂದೆ. ಎದೆಯ ಮುಂದೆ ಹೆಚ್ಚುಕಡಿಮೆ ತಾಗಿಯೇ ಬಿಟ್ಟವು. "ಸ್ಕೂಲಲ್ಲಿ ಎಲ್ರಿಗೂ ಮಾಡಿ ತೋರಿಸ್ತೀನಿ" ಅಂದ, ಹೆಮ್ಮೆಯಿಂದ. ಕೊರಳೆಲುಬು ಬೆಳೆದಿರಲಿಲ್ಲ, ಮಗುವಾಗಿದ್ದಾಗ ನೆತ್ತಿ ಕೂಡಿದ್ದೂ ತಡ. ಕ್ಲೈಡೋಕ್ರೇನಿಯಲ್ ಡಿಸ್‌ಪ್ಲೇಸಿಯಾ: 6ನೇ ವರ್ಣತಂತುವಿನಲ್ಲಿರುವ ರನ್ಎಕ್ಸ್2 ಜೀನಿನ ದೋಷ, ಸುಮಾರು 10 ಲಕ್ಷಕ್ಕೊಬ್ಬರಲ್ಲಿ. ತಂದೆ ಅಥವಾ ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಾಗಿಲ ಬಳಿ ನಿಂತಿದ್ದ ಅಪ್ಪನ ಭುಜವೂ ಇಳಿಜಾರು. ಅವರ ಬಾಯಲ್ಲಿ ಹಲ್ಲಿನ ಸೆಟ್. ಚಿಕ್ಕಂದಿನಲ್ಲಿ ಯಾರೋ ಹಾಲುಹಲ್ಲು ಕಿತ್ತು, ಹೊಸದು ಬರುತ್ತೆ ಅಂದಿದ್ದರಂತೆ. ಬರಲೇ ಇಲ್ಲ.

ಈ ಕಾಯಿಲೆಯಲ್ಲಿ ದಾರಿ ಬಿಟ್ಟುಕೊಟ್ಟ ಮಾತ್ರಕ್ಕೆ ಹಲ್ಲು ತಾನಾಗಿ ಮೇಲೆ ಬರುವುದಿಲ್ಲ, ಎಳೆದೇ ತರಬೇಕು. ಬೇರಿನ ಬೆಳವಣಿಗೆಯೂ ಸುಮಾರು 3 ವರ್ಷ ಹಿಂದಿರುತ್ತದೆ. ಹಾಗಾಗಿ ನಾನು ಜೆರುಸಲೇಮ್ ಪದ್ಧತಿ ಹಿಡಿದೆ, ಅಂದರೆ ಎರಡು ಕಂತಿನ ಶಸ್ತ್ರಕ್ರಿಯೆ. ಮೊದಲ ಸಲ ಪೂರ್ತಿ ಅರಿವಳಿಕೆಯಲ್ಲಿ ಮುಂದಿನ ಹಾಲುಹಲ್ಲು, ಹೆಚ್ಚುವರಿ ಹಲ್ಲು ಎಲ್ಲವನ್ನೂ ತೆಗೆದು, ಬಾಚಿಹಲ್ಲುಗಳಿಗೆ ಕೊಂಡಿ ಅಂಟಿಸಿ, ತಂತಿಯ ತುದಿ ಹೊರಗೆ ಬಿಟ್ಟು ಒಸಡು ಹೊಲಿಯುವುದು. ಕೋರೆಹಲ್ಲು, ಕಿರುದವಡೆಹಲ್ಲುಗಳ ಸರದಿ ಅವುಗಳ ಬೇರು ಬೆಳೆದ ಮೇಲೆ.

ಕೊಂಡಿ ಅಂಟಿಸುವಾಗ ನಾನೂ ಎಡವಿದೆ. ರಕ್ತ ಪೂರ್ತಿ ನಿಲ್ಲುವ ಮುಂಚೆ ಅವಸರಪಟ್ಟೆ. 3 ವಾರಕ್ಕೆ ಕೆಳಗಿನ ಒಂದು ಕೊಂಡಿ ಕಿತ್ತು ಬಂತು, ಹುಡುಗನ ಒಸಡನ್ನು ಮತ್ತೆ ಬಿಡಿಸಬೇಕಾಯಿತು. ಈಗ ಒಂದೊಂದು ಹಲ್ಲನ್ನೂ ಒಣಗಿಸುವವರೆಗೆ ಸರ್ಜನ್ ಎಷ್ಟು ಗಡಿಯಾರ ನೋಡಿದರೂ ನಾನು ಕದಲುವುದಿಲ್ಲ.

ಎಳೆತಕ್ಕೆ ಆಧಾರ ಆ 4 ದವಡೆಹಲ್ಲುಗಳೇ. ಅವುಗಳ ಮೇಲೆ ದಪ್ಪ ತಂತಿಯ ಕಮಾನು ಕಟ್ಟಿ, ಒಂದೊಂದು ಹಲ್ಲಿಗೂ 60 ಗ್ರಾಂ ಮೀರದಷ್ಟು ಬಲ. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. ತಾಯಿ ಪ್ರತಿ ಸಲ "ಬಂತಾ?" ಅನ್ನೋರು. 8ನೇ ತಿಂಗಳಲ್ಲಿ ಒಸಡಿನಡಿ ಬಿಳುಪು ಕಂಡಾಗ ಕನ್ನಡಿಯನ್ನು ಅವನ ಕೈಗೇ ಕೊಟ್ಟೆ.

ಒಟ್ಟು ನಾಲ್ಕೂವರೆ ವರ್ಷ ಹಿಡಿಯಿತು. ಒಂದು ಕಿರುದವಡೆಹಲ್ಲು ಕೊನೆಗೂ ಜಗ್ಗಲಿಲ್ಲ, ಬಿಟ್ಟೆವು. ಕ್ಲಿಪ್ ತೆಗೆಯುವ ದಿನ ಅಪ್ಪ 6 ವರ್ಷದ ಮಗಳನ್ನೂ ಕರೆತಂದಿದ್ದರು. "ಇವಳ ಭುಜಾನೂ ಸ್ವಲ್ಪ ನೋಡಿ ಮೇಡಂ."